ನಲವತ್ತು ಸಂಸಾಗಳ ಮಹಜರು

"ಹಲೋ... ಹಲೋ? ಯಾರು ಮಾತಾಡೋದು?... ಯಾರು ಬೇಕಿತ್ತು?"

...

"ಹಾಂ, ಬತ್ಮಾನೇ. ಮತ್ತಿನ್ಯಾರು ಎತ್ತುತ್ತಾರೆ ನನ್ನ ಫೋನು? ನನಗೇನು ಆಳುಕಾಳು ಇದಾರಾ?... ಸ್ವಲ್ಪ ಜೋರಾಗಿ ಹೇಳಮ್ಮ, ಇಲ್ಲಿ ಗಲಾಟೆ."

ಗಲಾಟೆ ಮಾಡುತ್ತಿದ್ದುದು ಗೋಡೆಗೆ ತಗುಲಿಸಿದ್ದ ಪೊಲೀಸ್ ವೈರ್‌ಲೆಸ್ಸು. ಬಿಷ್ಕೆಕ್ ನಗರ ಮುಗಿದು ಗುಡ್ಡ ಶುರುವಾಗುವಲ್ಲಿ ಆಕ್‌ಬುಲಾಕ್ ಎಂಬ ಬಜಾರು, ಆ ಬಜಾರಿಗೊಂದು ಠಾಣೆ. ಠಾಣೆಯೆಂದರೆ ಒಂದು ಪಡಸಾಲೆ, ಮೇಜರ್ ಸಾಹೇಬರಿಗೊಂದು ಒಳಕೋಣೆ, ಹಿಡಿದು ತಂದವರಿಗೊಂದು ಬೆಂಚು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಆ ಬೆಂಚಿನ ಮೇಲೆ ಬತ್ಮಾ ಒಬ್ಬಳೇ ಕೂತಿದ್ದಳು. ಐವತ್ತಮೂರು ವರ್ಷ, ವಿಧವೆ, ತಲೆಗೆ ಹೂವಿನ ವಸ್ತ್ರ, ಕಾಲಿಗೆ ಸತ್ತ ಗಂಡನ ಬೂಟು. ಎಡಗೈಯಲ್ಲಿ ಫೋನು, ಬಲಗೈ ಒಂದು ಕೂಸಿನ ಗಾಡಿಯ ಹಿಡಿಯ ಮೇಲೆ. ಗಾಡಿಯಲ್ಲಿ ಕೂಸಿರಲಿಲ್ಲ. ಹಳೆಯ ರಜಾಯಿಯೊಳಗೆ ಬೆಚ್ಚಗೆ ಮಲಗಿದ್ದವು ಸಂಸಾಗಳು. ಕುರಿಮಾಂಸ, ಈರುಳ್ಳಿ ತುಂಬಿ ತಂದೂರಿನ ಗೋಡೆಗೆ ಬಡಿದು ಸುಟ್ಟವು. ಅವುಗಳ ವಾಸನೆ ಠಾಣೆಯ ತುಂಬ ಹಬ್ಬಿ, ಕಾನೂನಿನ ಬಾಯಲ್ಲೂ ನೀರೂರಿಸುತ್ತಿತ್ತು.

"ಓ, ಸಾಲದ ಕಂಪನಿಯಿಂದಾ! ಅದನ್ನ ಮೊದಲೇ ಹೇಳಬಾರದಾ. ನಾನು ಯಾರೋ ನೆಂಟರು ಅಂದ್ಕೊಂಡು ಗಾಬರಿಯಾಗಿದ್ದೆ... ನಿನ್ನ ಹೆಸರೇನು ಮಗಳೇ?... ಮೀರಿಮ್? ಅಂದ್ರೆ ಕರುಣೆ ಅಂತ ಹೆಸರು! ಸಾಲ ವಸೂಲಿಗೆ ಕರುಣೆನ ಕೂರಿಸಿದಾನಲ್ಲ, ನಿಮ್ಮ ಯಜಮಾನ ಒಳ್ಳೇ ತಮಾಷೆಗಾರ ಕಣಮ್ಮ."

...

"ಗೊತ್ತು, ಹನ್ನೊಂದು ದಿನ. ನಿನಗಿಂತ ಚೆನ್ನಾಗಿ ನನಗೆ ಗೊತ್ತು. ರಾತ್ರಿ ಮಲಗುವಾಗ ಬೆರಳು ಮಡಚಿ ಎಣಿಸ್ತೀನಿ... ಹೂಂ... ಹೂಂ... ಓದು, ಓದು. ಚೀಟಿ ನೋಡ್ಕೊಂಡು ಓದ್ತಿದೀಯಾ ಅಲ್ವಾ? ಚೆನ್ನಾಗಿ ಓದ್ತೀಯಾ. ತಡವರಿಸದೆ."

...

"ಏನಂದೆ? ಪೊಲೀಸ್ ಕಳಿಸ್ತೀರಾ?... ಇನ್ನೊಂದು ಸಲ ಹೇಳು ನೋಡೋಣ."

ಇನ್ನೊಂದು ಸಲ ಕೇಳಿಸಿಕೊಂಡ ಬತ್ಮಾಳಿಗೆ ನಗು ತಡೆಯಲಾಗಲಿಲ್ಲ. ತಡೆಯುವ ಪ್ರಯತ್ನವನ್ನೂ ಅವಳು ಮಾಡಲಿಲ್ಲ. ಬೆಂಚು ಕಿರುಗುಟ್ಟುವಂತೆ ನಕ್ಕಳು.

"ಅಯ್ಯೋ ನನ್ನ ತಾಯಿ, ಅಷ್ಟು ದೂರದಿಂದ ಯಾಕೆ ಕಳಿಸ್ತೀಯಾ? ಪೆಟ್ರೋಲ್ ದಂಡ. ನಾನೇ ಬಂದು ಇಲ್ಲಿ ಕೂತಿದೀನಲ್ಲ... ಎಲ್ಲಿ ಅಂದ್ರೆ? ಪೊಲೀಸ್ ಠಾಣೇಲಿ!... ಸುಳ್ಳಾ? ತಾಳು, ಕೇಳಿಸ್ತೀನಿ."

ಅವಳು ಫೋನನ್ನು ವೈರ್‌ಲೆಸ್ಸಿನ ಕಡೆಗೆ ಎತ್ತಿ ಹಿಡಿದಳು. ವೈರ್‌ಲೆಸ್ಸು ಯಾರದೋ ಕಾರಿನ ನಂಬರನ್ನು ಕೆಮ್ಮಿಕೊಂಡು ಹೇಳಿತು.

"ಕೇಳ್ತಾ? ಈಗ ನಂಬಿಕೆ ಬಂತಾ? ಮುಳುಗಿದವಳಿಗೆ ಚಳಿಯೇನು ಮಳೆಯೇನು ಮಗಳೇ. ನೀನಿನ್ನು ಬೇರೆ ಏನಾದ್ರೂ ಹೆದರಿಕೆ ಇದ್ರೆ ಹಾಕು, ಆ ಚೀಟೀಲಿ ಪೊಲೀಸರಾದ ಮೇಲೆ ಏನಿದೆ?... ಏನೂ ಇಲ್ವಾ? ಅಷ್ಟೇನಾ?"

ಪಡಸಾಲೆಯ ಮೂಲೆಯಲ್ಲಿ ಮೇಜಿನ ಹಿಂದೆ ಕೂತು ಒಂದೇ ಬೆರಳಿನಲ್ಲಿ ಕಂಪ್ಯೂಟರಿಗೆ ಕೇಸು ಬಡಿಯುತ್ತಿದ್ದ ಸರ್ಜೆಂಟ್ ಕುಬಾನ್ ತಲೆ ಎತ್ತಿದ. ಇಪ್ಪತ್ತಾರರ ತರುಣ, ಇಸ್ತ್ರಿ ಮಾಡಿದ ಅಂಗಿ, ಎಳೆಮೀಸೆ. ಮೀಸೆಯ ತುದಿಯಲ್ಲಿ ಸಂಸಾದ ಒಂದು ಪದರ ಎಲೆಯಂತೆ ಅಂಟಿಕೊಂಡಿತ್ತು.

"ಎಜೆ, ಫೋನ್ ಇಡಿ. ಇದು ಠಾಣೆ," ಎಂದ. ಎಜೆ ಎಂದರೆ ಅಕ್ಕ. ಹಿಡಿದು ತಂದರೂ ಮರ್ಯಾದೆ ಬಿಟ್ಟಿರಲಿಲ್ಲ.

"ಸಾಲದವರು ಕಣಪ್ಪ," ಎಂದಳು ಬತ್ಮಾ, ಫೋನಿಗೆ ಅಂಗೈ ಅಡ್ಡ ಹಿಡಿಯದೆಯೇ. "ಇಟ್ಟುಬಿಟ್ರೆ ನನ್ನ ತಮ್ಮನಿಗೆ ಮಾಡ್ತಾರೆ, ತಮ್ಮನ ಬೀಗರಿಗೆ ಮಾಡ್ತಾರೆ, ಅವರ ಊರಿನ ಮುಲ್ಲಾನಿಗೂ ಮಾಡ್ತಾರೆ. ನಿನಗೇನು ಗೊತ್ತು?"

ಕುಬಾನನಿಗೆ ಗೊತ್ತಿತ್ತೋ ಏನೋ, ಮತ್ತೆ ಅಕ್ಷರ ಹುಡುಕಲು ಕೂತ.

"ಹಾಂ, ಹೇಳು ಮಗಳೇ... ಯಾಕೆ ಹಿಡಿದ್ರು ಅಂತಾನಾ? ನಿನಗ್ಯಾಕೆ ಅದು, ನಿನ್ನ ಚೀಟೀಲಿ ಆ ಪ್ರಶ್ನೆ ಇದೆಯಾ?... ಇಲ್ಲ ಅಲ್ವಾ? ಸುಮ್ಮನೆ ಕೇಳ್ತಿದೀಯಾ? ಸುಮ್ಮನೆ ಕೇಳೋರು ಇವತ್ತು ಬೆಳಿಗ್ಗೆಯಿಂದ ನೀನೊಬ್ಳೇ, ಕೇಳು."

...

"ಬಜಾರಿನ ಉತ್ತರದ ಗೇಟಿನಲ್ಲಿ ಸಂಸಾ ಮಾರ್ತೀನಿ, ಆರು ವರ್ಷದಿಂದ. ಒಳಗೆ ಜಾಗ ಬೇಕು ಅಂದ್ರೆ ಪರವಾನಗಿ ಬೇಕು. ಪರವಾನಗಿ ಕೇಳೋಕೆ ಹೋದ್ರೆ ಹಳೇ ದಂಡ ಕಟ್ಟಿ ಬಾ ಅಂತಾರೆ. ಹಳೇ ದಂಡ ಯಾತಕ್ಕೆ? ಪರವಾನಗಿ ಇಲ್ಲದೆ ಮಾರಿದ್ದಕ್ಕೆ. ದಂಡ ಕಟ್ಟೋಕೆ ದುಡ್ಡು ಬೇಕು, ದುಡ್ಡಿಗೆ ಮಾರಬೇಕು, ಮಾರಿದ್ರೆ ದಂಡ. ನೀನು ಓದಿದೋಳು, ಇದರಲ್ಲಿ ಬಾಗಿಲು ಎಲ್ಲಿದೆ ಹೇಳು... ಹೂಂ. ನನಗೂ ಸಿಗಲಿಲ್ಲ."

...

"ಇವತ್ತು ಬಂದ ಪೊಲೀಸರು ದಂಡದ ಚೀಟಿ ಹರಿದು ಕೊಡಲಿಲ್ಲ, ಗಾಡಿಗೇ ಕೈ ಹಾಕಿದ್ರು. ನಾನು ಬಿಡ್ತೀನಾ? ಹಿಡಿ ಹಿಡ್ಕೊಂಡೆ. ಅವರು ಆ ಕಡೆ, ನಾನು ಈ ಕಡೆ, ಸಂಸಾ ನಡುವೆ. ಬಜಾರೆಲ್ಲ ನಿಂತು ನೋಡ್ತು. ಕೊನೆಗೆ ಗಾಡಿ ಎತ್ತಿ ಜೀಪಿಗೆ ಹಾಕಿದ್ರು, ಗಾಡಿ ಜೊತೆ ನಾನೂ ಹೋದೆ. ಹಿಡಿ ಬಿಟ್ಟಿರಲಿಲ್ಲ ನೋಡು."

ಅತ್ತ ಏನೋ ಸದ್ದಾಯಿತು. ಬತ್ಮಾ ಕಿವಿಗೊಟ್ಟಳು.

"ನಕ್ಕೆಯಾ?... ಕೆಮ್ಮಾ? ಒಳ್ಳೇ ಕೆಮ್ಮು. ಇರಲಿ."

...

"ಸಾಲ ಯಾತಕ್ಕೆ ತಗೊಂಡೆ ಅಂತ ನಿನ್ನ ಮುಂದಿರೋ ಪರದೇಲಿ ಬರೆದಿಲ್ವಾ?... 'ವ್ಯಾಪಾರದ ಅಭಿವೃದ್ಧಿ'? ಹಹ್ಹಾ! ಅದು ನಿಮ್ಮೋನೇ ಬರೆದಿದ್ದು. ಕುದುರೆಗೆ ಕಣಮ್ಮ. ಅರ್ಧ ಕುದುರೆಗೆ. ನಮ್ಮತ್ತೆ ಸತ್ತು ನಲವತ್ತನೇ ದಿನದ ಊಟಕ್ಕೆ ಕುದುರೆ ಕಡೀಲೇಬೇಕಲ್ಲ. ಇನ್ನರ್ಧ ಮೈದುನ ಹಾಕ್ದ, ಅವನೂ ಸಾಲದಲ್ಲೇ. ಬದುಕಿರೋತನಕ ನನ್ನ ತಿಂದ್ಲು, ಸತ್ತಮೇಲೆ ಕುದುರೆ ತಿಂದ್ಲು. ಒಳ್ಳೇ ಹೆಂಗಸು, ದೇವರು ಸ್ವರ್ಗ ಕೊಡಲಿ, ಅಲ್ಲಿ ಅಡುಗೆ ಮಾಡೋರಿಗೆ ತಾಳ್ಮೆ ಕೊಡಲಿ... ಬೇಡ ಅನ್ನಬಹುದಿತ್ತಾ? ನಿಮ್ಮೂರಲ್ಲಿ ಅಂತಾರಾ?... ಅಲ್ವಾ ಮತ್ತೆ. ನೂರಾ ಇಪ್ಪತ್ತು ಜನ ಬಂದು ಉಂಡು, ಕೈ ಎತ್ತಿ ಪ್ರಾರ್ಥನೆ ಮಾಡಿ ಹೋದ್ರು. ಕಂತು ಬಂದಾಗ ಒಬ್ಬನ ಕೈಯೂ ಮೇಲೆ ಬರಲಿಲ್ಲ."

ಅಷ್ಟರಲ್ಲಿ ಕುಬಾನ್ ಎದ್ದು ಬಂದ. ಅವನ ಸಹನೆ ಮುಗಿದಿತ್ತು. ಮೇಜರ್ ಸಾಹೇಬರು ಒಳಗಿನಿಂದ, ಏನದು ನಗು, ಠಾಣೆಯೋ ಚಹಾದಂಗಡಿಯೋ ಎಂದು ಕೂಗಿದ್ದರು. ಅವರ ಬಾಯಲ್ಲಿ ಏನೋ ತುಂಬಿದ್ದುದರಿಂದ ಮಾತು ಸ್ಪಷ್ಟವಾಗಿರಲಿಲ್ಲ. ಕುಬಾನ್ ಫೋನು ಕಿತ್ತುಕೊಂಡು, ಮೀಸೆ ನೇವರಿಸಿಕೊಂಡು, ಗಂಟಲು ದಪ್ಪ ಮಾಡಿಕೊಂಡ.

"ಹಲೋ. ಸರ್ಜೆಂಟ್ ಕುಬಾನ್ ತುರ್ದುಬಾಯೆವ್ ಮಾತಾಡ್ತಿರೋದು. ಈ ಹೆಂಗಸು ವಿಚಾರಣೆಯಲ್ಲಿದಾರೆ. ಕರ್ತವ್ಯಕ್ಕೆ ಅಡ್ಡಿ ಮಾಡಬೇಡಿ... ಹಾಂ?... ಹೌದು, ತುರ್ದುಬಾಯೆವ್. ಯಾಕೆ?... ಹುಟ್ಟಿದ ದಿನ ಯಾಕೆ ಬೇಕು ನಿಮಗೆ?"

ಅತ್ತಲಿಂದ ಯಾವುದೋ ಲೆಕ್ಕ ಓದುವ ಸದ್ದು ಬಂತು. ಸರ್ಜೆಂಟನ ಕಿವಿಗಳು ಮೊದಲು ಕೆಂಪಾದವು, ಆಮೇಲೆ ಕತ್ತು. ಅವನು ಅರಿವಿಲ್ಲದೆ ನೆಟ್ಟಗೆ ನಿಂತುಕೊಂಡ.

"ಅದು... ನೋಡಿ ಮೇಡಂ, ಅದು ಸೋಮವಾರ... ಸಂಬಳ ಆಗ್ಲಿ... ಇಲ್ಲ ಇಲ್ಲ, ಮನೆ ನಂಬರಿಗೆ ಮಾಡಬೇಡಿ! ಆ ಟಿವಿ ನಮ್ಮಣ್ಣ ಕೊಡಿಸಿದ್ದು ಅಂತ ಹೆಂಡ್ತಿಗೆ ಹೇಳಿದೀನಿ... ಎರಡು ಕಂತಾ? ನನ್ನ ಲೆಕ್ಕದಲ್ಲಿ ಒಂದೇ... ಬಡ್ಡಿಗೆ ಬಡ್ಡೀನಾ?... ಆಯ್ತು. ಸೋಮವಾರ. ಖಂಡಿತ. ಕ್ಷಮಿಸಿ ಮೇಡಂ."

ಅವನು ಫೋನನ್ನು ಬಿಸಿ ಕೆಂಡದಂತೆ ಬತ್ಮಾಳ ಮಡಿಲಿಗೆ ಹಾಕಿ, ಹೋಗಿ ತನ್ನ ಕುರ್ಚಿಯಲ್ಲಿ ಕೂತ. ಬತ್ಮಾ ಅವನನ್ನು ಕನಿಕರದಿಂದ ನೋಡಿದಳು. ಕನಿಕರದ ಅಡಿಯಲ್ಲಿ ಸಂತೋಷವೂ ಇತ್ತು. ಸುಳ್ಳು ಯಾಕೆ ಹೇಳಬೇಕು.

"ಮೀರಿಮ್, ನೀನು ಮಗಳಲ್ಲ, ಮಾಂತ್ರಿಕಳು! ನಮ್ಮ ಸರ್ಜೆಂಟರು ಎದ್ದು ನಿಂತು ಮಾತಾಡಿದ್ರು ಕಣೇ. ಮೇಜರ್ ಬಂದ್ರೂ ಅಷ್ಟು ನೆಟ್ಟಗೆ ನಿಲ್ಲಲ್ಲ... ಪಾಪ, ಅವನಿಗೂ ದಿನಕ್ಕೆ ಇಷ್ಟು ಕೇಸು ಅಂತ ಲೆಕ್ಕ ಇದೆಯಂತೆ. ನಾಲ್ಕು. ನಾನು ಮೂರನೇದು. ನಿನಗೂ ಲೆಕ್ಕ ಇದೆಯಾ?... ಮೂವತ್ತು ಜನರ ಹತ್ರ ಕಟ್ತೀನಿ ಅನ್ನಿಸಬೇಕಾ? ದಿನಕ್ಕೇ? ಅವನಿಗೆ ನಾಲ್ಕು ಕೇಸು, ನಿನಗೆ ಮೂವತ್ತು ಮಾತು. ನಾನೊಬ್ಳೇ ಎಷ್ಟು ಜನರ ಹೊಟ್ಟೆ ತುಂಬಿಸ್ಲಿ ಮಗಳೇ!"

...

"ಈಗ ಏನಾಗುತ್ತೆ ಅಂದ್ರೆ, ಅವನು ಕಾಗದ ಬರೀತಿದಾನೆ, ನಾನು ಸಹಿ ಹಾಕಿದ್ರೆ ಮನೆಗೆ ಹೋಗಬಹುದಂತೆ... ಏನು ಬರೆದಿದಾನೆ ಅಂದ್ರೆ? ಇರು, ಕೇಳ್ತೀನಿ. ಏನಪ್ಪ ಕುಬಾನ್, ಏನು ಬರೆದಿದೀಯಾ?"

ಕುಬಾನ್ ಪರದೆ ನೋಡಿಕೊಂಡೇ ಓದಿದ. ಪರವಾನಗಿಯಿಲ್ಲದ ಮಾರಾಟ. ಕರ್ತವ್ಯನಿರತ ಅಧಿಕಾರಿಯ ಆದೇಶ ಪಾಲಿಸದೆ ಬಲಪ್ರಯೋಗದಿಂದ ಪ್ರತಿರೋಧ. ತಪ್ಪನ್ನು ಪೂರ್ಣವಾಗಿ ಒಪ್ಪಿಕೊಂಡಿರುತ್ತೇನೆ.

"ಕೇಳಿಸ್ತಾ? ಬಲಪ್ರಯೋಗವಂತೆ. ನಾನು ಗಾಡಿ ಹಿಡ್ಕೊಂಡಿದ್ದೆ ಅಷ್ಟೇ... ಹಾಂ?... ಸಹಿ ಹಾಕಬಾರದಾ? ಯಾಕೆ? ಹಾಕಿದ್ರೆ ಬಿಡ್ತೀನಿ ಅಂತಿದಾನಲ್ಲ..."

...

"ನಿಧಾನ, ನಿಧಾನ ಮಾತಾಡು. ಯಾಕಿಷ್ಟು ಗಾಬರಿಯಾದೆ?... ಐದು ದಿನಾನಾ? ಇವತ್ತು ಬಿಡ್ತಾರೆ, ನಾಳೆ ಕೋರ್ಟಿಗೆ ಕರೆಸಿ ಐದು ದಿನ ಒಳಗಿಡ್ತಾರಾ?... ನಾನು ಒಪ್ಪಿಕೊಂಡಿದೀನಿ ಅಂತ ಕಾಗದವೇ ಹೇಳುತ್ತಾ?"

ಬತ್ಮಾಳ ಮುಖದಿಂದ ನಗು ಇಳಿಯಿತು. ಐದು ದಿನ. ಲಾಕಪ್ಪಿನ ಹಲಗೆ ಅವಳಿಗೆ ದೊಡ್ಡ ಮಾತಲ್ಲ. ಅವಳ ಮನೆಯ ಹಲಗೆಯೂ ಅಷ್ಟೇ ಗಟ್ಟಿ. ಆದರೆ ಐದು ದಿನ ಮಾರದಿದ್ದರೆ ಕಂತು ತಪ್ಪುತ್ತಿತ್ತು, ಆ ಸಾಲವನ್ನು ಅವಳು ಒಬ್ಬಳೇ ತೆಗೆದುಕೊಂಡಿರಲಿಲ್ಲ. ಗೇಟಿನಲ್ಲಿ ಕಾಲುಚೀಲ ಮಾರುವ ಬುರುಲ್, ಇನ್ನೂ ಮೂವರು ಹೆಂಗಸರು ಒಬ್ಬರಿಗೊಬ್ಬರು ಜಾಮೀನು ನಿಂತು ತೆಗೆದುಕೊಂಡ ಸಾಲ. ಒಬ್ಬಳು ತಪ್ಪಿದರೆ ನಾಲ್ವರ ತಲೆಗೆ. ಆ ನಾಲ್ವರೂ ಬತ್ಮಾಳ ಹಾಗೆಯೇ ಅಂದಂದಿನ ಗಳಿಕೆಯವರು. ಎರಡು ವರ್ಷದಲ್ಲಿ ಅವಳು ತಡ ಮಾಡಿದ್ದುಂಟು, ಅವರ ತಲೆಗೆ ಹಾಕಿದ್ದಿಲ್ಲ.

"ಇದೆಲ್ಲ ನಿನಗೆ ಹೇಗೆ ಗೊತ್ತು? ವಕೀಲಿ ಓದಿದೀಯಾ?... ಯಾರಿಗೆ? ನಿಮ್ಮಪ್ಪನಿಗಾ?"

...

"ವ್ಯಾನ್ ಓಡಿಸ್ತಿದ್ರಾ... ನರೀನ್ ದಾರೀಲಿ... ಹೂಂ... ದಂಡ ಬಾಕಿ ಅಂತ ಲೈಸೆನ್ಸ್ ಕಿತ್ಕೊಂಡ್ರಾ... ಮನೇಲಿ ಕೂತ್ರೆ ದಂಡ ಹೇಗೆ ಕಟ್ಟೋದು, ಓಡಿಸಿದ್ರು. ಓಡಿಸ್ಲೇಬೇಕಲ್ಲ... ಹಿಡಿದ್ರಾ... ಅವರಿಗೂ ಇದೇ ಕಾಗದಾನಾ? ಸಹಿ ಹಾಕಿ ಮನೆಗೆ ಹೋಗಿ ಅಂದ್ರಾ?... ಓದದೇ ಹಾಕಿದ್ರು. ಹೂಂ. ಹದಿನೈದು ದಿನ."

...

"ಈಗ ಹೇಗಿದಾರೆ?... ಮಾತೇ ಆಡಲ್ವಾ?... ವ್ಯಾನ್ ಏನಾಯ್ತು?... ಸಾಲಕ್ಕೆ ನಿಮ್ಮ ಕಂಪನಿಯವರೇ ಮಾರಿಬಿಟ್ರಾ. ಮಾರಿದ ಮೇಲೂ ಸಾಲ ಉಳೀತಾ?... ಅದಕ್ಕೇ ನೀನು ಅಲ್ಲಿ ಕೂತಿದೀಯಾ. ಸಂಬಳದಲ್ಲೇ ಹಿಡ್ಕೋತಾರಾ?... ಅಯ್ಯೋ ನನ್ನ ಕಂದ."

ಬತ್ಮಾ ಗಾಡಿಯ ಹಿಡಿಯನ್ನು ಹೆಬ್ಬೆರಳಿನಿಂದ ಉಜ್ಜುತ್ತ ಕೂತಳು. ಆಮೇಲೆ ಮೂಗು ಒರೆಸಿಕೊಂಡು, ಬೆನ್ನು ನೆಟ್ಟಗೆ ಮಾಡಿದಳು.

"ಸರಿ. ಈಗ ನಾನೇನು ಮಾಡಬೇಕು ಹೇಳು. ನೀನು ಹೇಳ್ತಾ ಹೋಗು, ನಾನು ಇವನಿಗೆ ಒಪ್ಪಿಸ್ತಾ ಹೋಗ್ತೀನಿ... ಮೂರು ಗಂಟೆ? ಕುಬಾನ್! ಮೂರು ಗಂಟೆಗಿಂತ ಜಾಸ್ತಿ ನನ್ನ ಇಟ್ಕೊಳ್ಳೋ ಹಾಗಿಲ್ಲ. ಒಂಬತ್ತೂವರೆಗೆ ತಂದಿದೀಯಾ, ಗಡಿಯಾರ ನೋಡ್ಕೋ."

"ಯಾರು ಹೇಳಿದ್ದು?" ಎಂದ ಕುಬಾನ್.

"ಸೋಮವಾರದವಳು," ಎಂದಳು ಬತ್ಮಾ. ಕುಬಾನ್ ಗಡಿಯಾರ ನೋಡಿದ.

"ಮುಂದೆ?... ಹೂಂ... ಕುಬಾನ್, ಸಾಮಾನು ಜಪ್ತಿ ಮಾಡಿದ್ರೆ ಮಹಜರು ಬರೀಬೇಕು. ಏನೇನು ಇತ್ತು, ಎಷ್ಟೆಷ್ಟು ಇತ್ತು, ಒಂದೊಂದಾಗಿ. ಇಬ್ಬರು ಪಂಚರು ಸಹಿ ಹಾಕಬೇಕು. ಪಂಚರು ಪೊಲೀಸರಾಗಿರಬಾರದು. ಬರೆದಿದೀಯಾ?"

"ಗಾಡಿ ಒಂದು, ಹಿಟ್ಟಿನ ತಿಂಡಿ ನಲವತ್ತು ಅಂತ ಬರೆದಿದೀನಿ," ಎಂದ ಕುಬಾನ್, ಗೆದ್ದವನ ಧ್ವನಿಯಲ್ಲಿ. ಹೇಳಿದ ಮೇಲೆ ಅವನ ಕಣ್ಣು ತಾನಾಗಿ ರಜಾಯಿಯ ಕಡೆಗೆ ಹೋಯಿತು. ಹೋಗಬಾರದಿತ್ತು.

ಬತ್ಮಾ ರಜಾಯಿ ಎತ್ತಿದಳು.

"ಮಗಳೇ, ಸ್ವಲ್ಪ ಇರು, ಎಣಿಸ್ತೀನಿ. ಒಂದು, ಎರಡು... ಎಂಟು... ಹದಿನೈದು... ಇಪ್ಪತ್ಮೂರು. ಇಪ್ಪತ್ಮೂರು! ಕೇಳಿದ್ಯಾ? ಕಾಗದದಲ್ಲಿ ನಲವತ್ತು, ಗಾಡೀಲಿ ಇಪ್ಪತ್ಮೂರು. ಹದಿನೇಳು ಸಂಸಾ ಬಲಪ್ರಯೋಗ ಮಾಡಿ ಓಡಿಹೋದ್ವಾ?... ನಗಬೇಡ, ನಗಬೇಡ, ಇದು ಗಂಭೀರ ವಿಷಯ. ಇದಕ್ಕೆ ಏನಂತಾರೆ ಕಾನೂನಿನಲ್ಲಿ?... ಸಾಕ್ಷ್ಯನಾಶ! ಅಬ್ಬಾ, ಎಂಥಾ ಮಾತು! ಕುಬಾನ್, ನೀನು ತಿಂದಿದ್ದು ಮಾಂಸ ಅಲ್ಲಪ್ಪ, ಸಾಕ್ಷ್ಯ. ಬೇಲಿಯೇ ಎದ್ದು ಹೊಲ ಮೇಯ್ದಿದೆ."

"ಎಜೆ, ಮೆಲ್ಲಗೆ," ಎಂದ ಕುಬಾನ್. "ನಾನು ತಿಂದಿದ್ದು ಐದು. ಮಿಕ್ಕಿದ್ದು ಒಳಗೆ ಹೋಯ್ತು."

"ಒಳಗೆ ಅಂದ್ರೆ ಯಾರ ಒಳಗೆ?"

ಕುಬಾನ್ ಮೇಜರ್ ಸಾಹೇಬರ ಬಾಗಿಲನ್ನು ನೋಡಿದ, ಆದರೆ ಬೆರಳು ತೋರಿಸಲಿಲ್ಲ. ಕೆಲಸದಲ್ಲಿ ಇನ್ನೂ ಮುಂದೆ ಬರಬೇಕಾದ ಹುಡುಗ.

"ಹೂಂ, ಮಗಳೇ... ಪಂಚರಾ? ಪಂಚರಿಗೇನು ಬರ. ಹೊರಗೆ ಬುರುಲ್ ನಿಂತಿದಾಳೆ, ನಾನು ಬಂದಾಗಿನಿಂದ. ಗೇಟಿನವರೆಲ್ಲ ನಿಂತಿದಾರೆ... ಕರೀಲಾ? ಬುರುಲ್! ಏ ಬುರುಲ್! ಇಬ್ಬರು ಒಳಗೆ ಬನ್ನಿ, ಸಂಸಾ ಎಣಿಸೋದಿದೆ!"

ಕಿಟಕಿಯಲ್ಲಿ ಬುರುಲಳ ದುಂಡು ಮುಖ ಕಾಣಿಸಿತು. ಅವಳ ಹಿಂದೆ ಇನ್ನೂ ಎಂಟು ಹತ್ತು ಮುಖಗಳು. ಒಬ್ಬಳು ಫೋನು ಮೇಲೆತ್ತಿ ವಿಡಿಯೊ ತೆಗೆಯುತ್ತಿದ್ದುದು ಕಂಡಿತು. ಅದನ್ನು ಕಂಡದ್ದೇ ಕುಬಾನ್ ಮೇಜಿನ ಹಿಂದಿನಿಂದ ಹಾರಿ ಬಂದು ಬಾಗಿಲಿಗೆ ಬೆನ್ನು ಕೊಟ್ಟು ನಿಂತ.

"ಎಜೆ, ಏನು ಬೇಕು ನಿಮಗೆ?"

"ಮಗಳೇ, ಏನು ಬೇಕು ಅಂತಿದಾನೆ... ಹೂಂ... ಹೂಂ... ಸರಿ. ಆ ಕಾಗದ ಹರೀ. ನನ್ನ ಕಣ್ಣೆದುರಿಗೆ. ಗಾಡಿ ಕೊಡು. ತಿಂದಿದ್ದು ತಿಂದ್ರಿ, ಅದು ನನ್ನ ದಾನ ಅಂದ್ಕೊಳ್ಳಿ, ನಮ್ಮತ್ತೆ ಹೆಸರಲ್ಲಿ."

ಕುಬಾನ್ ಒಳಕೋಣೆಗೆ ಹೋದ. ಒಳಗೆ ಪಿಸುಮಾತು, ಒಂದು ಬೈಗುಳ, ಆಮೇಲೆ ಒಂದು ತೇಗು. ಹೊರಬಂದವನ ಕೈಯಲ್ಲಿ ಮುದ್ರಿಸಿದ ಹಾಳೆಯಿತ್ತು. ಅದನ್ನು ಎರಡಾಗಿ, ನಾಲ್ಕಾಗಿ ಹರಿದು ಕಸದ ಡಬ್ಬಿಗೆ ಹಾಕಿದ.

"ಹಳೇ ದಂಡ ಹಾಗೇ ಇರುತ್ತೆ, ಎಜೆ. ಅದು ಕಂಪ್ಯೂಟರಿನಲ್ಲಿದೆ, ನನ್ನ ಕೈಲಿಲ್ಲ. ನಾಳೆಯಿಂದ ಉತ್ತರದ ಗೇಟಿನಲ್ಲಿ ನಿಲ್ಲಬೇಡಿ. ದಕ್ಷಿಣದ ಗೇಟಿಗೆ ಹೋಗಿ."

"ಅಲ್ಲಿ ಹಿಡಿಯಲ್ವಾ?"

"ಹಿಡೀತಾರೆ. ಆದರೆ ನಾನಲ್ಲ."

ಬತ್ಮಾ ಎದ್ದಳು. ಮೊಣಕಾಲು ಚಟ್ಟೆಂದಿತು. ರಜಾಯಿ ಹೊದೆಸಿ, ಫೋನು ಕಿವಿಗೆ ಸಿಕ್ಕಿಸಿಕೊಂಡು ಗಾಡಿ ತಿರುಗಿಸಿದಳು.

"ಹರಿದ ಮಗಳೇ, ಹರಿದ! ನಾನು ಹೊರಗೆ ಹೋಗ್ತಿದೀನಿ. ನೀನು ದೂರದಲ್ಲಿ ಕೂತು ನನ್ನ ಠಾಣೆಯಿಂದ ಬಿಡಿಸಿದೆ ಕಣೇ... ಹಲೋ?... ಮೀರಿಮ್? ಯಾಕೆ ಪಿಸುಗುಡ್ತಿದೀಯಾ?... ಯಾರು ಬಂದ್ರು?... ಅಷ್ಟು ಹೊತ್ತಿಂದ ಕೇಳಿಸ್ಕೊಳ್ತಿದ್ನಾ?... ಕೆಲಸದಿಂದ ತೆಗೀತಾನಂತಾ?... ಕೊಡು. ಅವನಿಗೆ ಕೊಡು ಫೋನು. ಕೊಡು ಅಂದೆ ಅಲ್ವಾ. ನೀನು ಬಾಯಿ ಮುಚ್ಕೊಂಡಿರು."

ಬಾಗಿಲ ಬಳಿ ಅವಳು ನಿಂತಳು. ಮುಂದೆ ನಡೆದದ್ದನ್ನು ಬುರುಲ್ ಇಂದಿಗೂ ಬಜಾರಿನಲ್ಲಿ ಅಭಿನಯಿಸಿ ತೋರಿಸುತ್ತಾಳೆ. ಎರಡು ನಿಮಿಷದ ಹಿಂದೆ ಠಾಣೆ ನಡುಗಿಸಿದ ಹೆಂಗಸು ಕುತ್ತಿಗೆ ಒಳಗೆಳೆದುಕೊಂಡು, ಬೆನ್ನು ಬಗ್ಗಿಸಿ, ಧ್ವನಿಯನ್ನು ಒದ್ದೆ ಬಟ್ಟೆಯಂತೆ ಹಿಂಡಿಕೊಂಡು ಮಾತಾಡತೊಡಗಿದಳು.

"ಹಲೋ... ಯಾರು?... ಮೇಲ್ವಿಚಾರಕರಾ? ಅಯ್ಯಾ ಸಾಹೇಬ್ರೇ, ನಿಮ್ಮ ಕಾಲಿಗೆ ಬೀಳ್ತೀನಿ, ಆ ಹುಡುಗೀನ ನನ್ನ ಮೇಲೆ ಇನ್ನೊಂದು ಸಲ ಬಿಡಬೇಡಿ! ಅವಳು ಹುಡುಗಿಯಲ್ಲ, ಹೆಣ್ಣು ತೋಳ!"

...

"ಕಾನೂನು? ಹೇಳಿದ್ಲಲ್ಲ! ಕಾನೂನು ಹೇಳಿ ಹೇಳಿ ನನ್ನ ಜೀವ ತೆಗೆದ್ಲು. ಮೂರು ಗಂಟೆ ಕೂರಿಸ್ತಾರೆ, ಪಂಚರನ್ನ ಕರೀತಾರೆ, ಮನೇಲಿರೋ ಒಂದೊಂದು ಚಮಚಾನೂ ಎಣಿಸಿ ಬರೀತಾರೆ ಅಂತ. ನನಗೆ ರಕ್ತದೊತ್ತಡ ಇದೆ ಸಾಹೇಬ್ರೇ... ನಗೋದು ಕೇಳಿಸ್ತಾ? ಅದು ನಗು ಅಲ್ಲ, ಅಳು. ನಮ್ಮ ವಂಶದಲ್ಲಿ ಹಂಗೇ ಅಳೋದು."

...

"ಸಂಸಾನಾ? ಯಾವ ಸಂಸಾ?... ಹಾಂ, ಹೌದು, ಅದನ್ನೂ ಬಿಡಲಿಲ್ಲ. ಗಾಡೀಲಿ ಎಷ್ಟಿದೆ ಎಣಿಸು, ಎಣಿಸಿ ಹೇಳು ಅಂತ ನನ್ನ ಕೈಲಿ ಲೆಕ್ಕ ಹಾಕಿಸಿದ್ಲು! ಇಷ್ಟಿದ್ರೆ ಇಷ್ಟು ದುಡ್ಡಾಗುತ್ತೆ ಅಂತ. ಎಂಥಾ ಕಲ್ಲು ಮನಸ್ಸು! ನಾನೊಬ್ಳೇ ಅಲ್ಲ, ಇಲ್ಲೊಬ್ಬ ಪೊಲೀಸ್ ಸರ್ಜೆಂಟನ್ನೂ ಹಿಡ್ಕೊಂಡ್ಲು. ಎದ್ದು ನಿಂತು, ಸೋಮವಾರ ಎರಡು ಕಂತು ಕಟ್ತೀನಿ ಮೇಡಂ ಅಂದ. ಬೇಕಾದ್ರೆ ಅವನನ್ನೇ ಕೇಳಿ. ಪೊಲೀಸ್ ಹತ್ರ ವಸೂಲಿ ಮಾಡೋ ಹುಡುಗೀನ ಎಲ್ಲಿಂದ ಹುಡುಕಿ ತಂದ್ರಿ?"

ಕುಬಾನ್ ಮೇಜಿನ ಕೆಳಗೆ ಏನೋ ಬಿದ್ದವನಂತೆ ಬಗ್ಗಿದ. ಬಹಳ ಹೊತ್ತು ಹುಡುಕಿದ.

"ಹಾಂ?... ನಾನು ಯಾವತ್ತು ಕಟ್ತೀನಿ ಅಂತಾನಾ?"

ಇಲ್ಲಿ ಬತ್ಮಾ ಒಳಜೇಬು ಮುಟ್ಟಿ ನೋಡಿಕೊಂಡಳು. ಹನ್ನೊಂದು ದಿನದಿಂದ ಅವಳು ಯಾರಿಗೂ ದಿನ ಹೇಳಿರಲಿಲ್ಲ. ದಿನ ಹೇಳದಿರುವುದೇ ಸಾಲಗಾರರ ಕೊನೆಯ ಆಸ್ತಿ. ಅವಳ ಒಳಜೇಬಿನಲ್ಲಿ ನಾಳೆಯ ಹಿಟ್ಟಿಗೆ, ಮಾಂಸಕ್ಕೆ, ತಂದೂರಿನ ಸೌದೆಗೆ ಎಂದು ಎತ್ತಿಟ್ಟ ದುಡ್ಡಿತ್ತು. ಅದನ್ನೂ ಇಪ್ಪತ್ಮೂರು ಸಂಸಾ ಮಾರಿದ್ದನ್ನೂ ಕೂಡಿಸಿದರೆ ಕಂತಿಗೆ ಹೆಚ್ಚುಕಡಿಮೆ ಆಗುತ್ತಿತ್ತು. ಆಮೇಲೆ ನಾಳೆ ಬೆಳಿಗ್ಗೆ ತಂದೂರು ತಣ್ಣಗಿರುತ್ತಿತ್ತು.

"ಇವತ್ತೇ," ಎಂದಳು. "ಇವತ್ತೇ ಸಾಹೇಬ್ರೇ. ಸಂಜೆ ಐದಕ್ಕೆ ನಿಮ್ಮ ದುಡ್ಡು ಕಟ್ಟೋ ಕಿಟಕೀಲಿ ತಂದು ಸುರೀತೀನಿ. ಅವಳ ಹೆದರಿಕೆಗೆ ಕಟ್ತಿರೋದು, ನಿಮ್ಮ ಮುಖ ನೋಡಿ ಅಲ್ಲ... ಹಾಂ, ಬರ್ಕೊಳ್ಳಿ, ಅವಳ ಹೆಸರಿನ ಮುಂದೆ ಬರ್ಕೊಳ್ಳಿ... ಸರಿ ಸಾಹೇಬ್ರೇ. ಆಯ್ತು ಸಾಹೇಬ್ರೇ. ಅವಳಿಗೇ ಕೊಡ್ತೀರಾ? ಅಯ್ಯೋ, ಬೇಡ, ಬೇಡ ಅಂದ್ರೆ..."

...

"ಹಲೋ... ಮೀರಿಮ್?... ಹೋದನಾ?... ಎಷ್ಟು ದೂರ ಹೋದ?... ಏನಂದ? ಶಹಭಾಸ್ ಅಂದನಾ! ಬೆನ್ನು ತಟ್ಟಿದನಾ! ಥೂ, ಅವನ ಕೈಗಿಷ್ಟು."

ಅವಳು ಗಾಡಿಯನ್ನು ಹೊಸ್ತಿಲು ದಾಟಿಸಿದಳು. ಹೊರಗೆ ಬಿಸಿಲು ಚುರುಕಾಗಿತ್ತು. ಬುರುಲ್ ಬಂದು ಗಾಡಿಯ ಒಂದು ಬದಿ ಹಿಡಿದಳು, ಏನಾಯಿತೆಂದು ಹುಬ್ಬಿನಲ್ಲೇ ಕೇಳಿದಳು. ಬತ್ಮಾ ಆಮೇಲೆ ಎಂಬಂತೆ ಕೈಯಾಡಿಸಿದಳು.

"ಇಲ್ಲ ಮಗಳೇ, ಐದಕ್ಕೆ ನಿಜವಾಗ್ಲೂ ಬರ್ತೀನಿ. ಅವನಿಗೆ ಹೇಳಿದ್ರಲ್ಲಿ ಅದೊಂದೇ ನಿಜ... ನಾಳೆಗಾ? ನಾಳೆದು ನಾಳೆ. ಬುರುಲ್ ಹತ್ರ ಒಂದು ಸೇರು ಹಿಟ್ಟು ಸಿಗುತ್ತೆ, ಮಾಂಸದ ಬದಲು ಕುಂಬಳಕಾಯಿ ತುಂಬ್ತೀನಿ... ನಿನಗ್ಯಾಕೆ ಆ ಚಿಂತೆ?... ಏನೇ ಅದು, ಅಳ್ತಿದೀಯಾ?"

...

"ಅಳಬೇಡ ಕಣೇ, ಅವನು ತಿರುಗಿ ನೋಡಿದ್ರೆ ಎಲ್ಲ ಹಾಳು. ಅಳು ಬಂದ್ರೆ ಬೈಯಿ. ನನ್ನ ಬೈಯಿ, ಜೋರಾಗಿ. ಆಫೀಸಿಗೆಲ್ಲ ಕೇಳಿಸಲಿ... ಹಾಂ, ಹಾಗೆ... ಇನ್ನೂ ಜೋರಾಗಿ... ಅಯ್ಯೋ, 'ದಯವಿಟ್ಟು' ಅಂತ ಯಾರಾದ್ರೂ ಬೈತಾರಾ? ನಿಮ್ಮೂರಲ್ಲಿ ಬೈಯೋದೇ ಕಲಿಸಿಲ್ವಾ? ನಾನು ಹೇಳಿಕೊಡ್ತೀನಿ, ನನ್ನ ಹಿಂದೆ ಹೇಳು, ಹೊಟ್ಟೆಯಿಂದ ಉಸಿರು ತಗೋ. 'ಎಲೇ ಮುದುಕಿ, ಸಂಜೆ ಐದಕ್ಕೆ ಬರದಿದ್ರೆ ನಿನ್ನ...'"

ಅಷ್ಟರಲ್ಲಿ ಫೋನಿನ ಲೈನು ಕಡಿಯಿತು.